ನಿದ್ದೆಗೊಂದು ತಾರೀಖು

ಜೂನ್ ತಿಂಗಳ ಮೊದಲ ವಾರ ಬಂತೆಂದರೆ ತಿಪಟೂರಿನ ಒಂದು ಪ್ರೌಢಶಾಲೆಯಲ್ಲಿ ಗಣಿತದ ಮೇಷ್ಟರಿಗೆ ಸಲ್ಲುವ ಗೌರವ ಇದ್ದಕ್ಕಿದ್ದಂತೆ ಇಮ್ಮಡಿಯಾಗುತ್ತದೆ. ಬೇಸಗೆಯ ರಜೆಯಲ್ಲಿ ಅವರ ಪಾಂಡಿತ್ಯ ಬೆಳೆಯಿತೆಂದಲ್ಲ. ಶಾಲೆಯ ವೇಳಾಪಟ್ಟಿಯನ್ನು ತಯಾರಿಸುವ ಕೆಲಸ ಅವರದು. 12 ತರಗತಿಗಳು, 19 ಮಂದಿ ಉಪಾಧ್ಯಾಯರು, ಒಂದೇ ಪ್ರಯೋಗಶಾಲೆ, ಒಂದೇ ಆಟದ ಮೈದಾನ. ಊಟದ ಮೇಲಿನ ಮೊದಲ ಪೀರಿಯಡ್ಡು ಯಾರಿಗೂ ಬೇಡ. ಶನಿವಾರದ ಕೊನೆಯ ಪೀರಿಯಡ್ಡು ಯಾರಿಗೂ ಬೇಡ. ಸಂಸ್ಕೃತದವರು ಬೆಳಗಿನ ರೈಲಿಗೆ ಬರುವವರು, ಡ್ರಿಲ್ ಮೇಷ್ಟರು ಸಂಜೆಯ ಬಸ್ಸಿಗೆ ಹೋಗುವವರು. ಇಷ್ಟನ್ನೂ ದೊಡ್ಡದೊಂದು ಹಾಳೆಯ ಮೇಲೆ ಪೆನ್ಸಿಲಿನಿಂದ ಹೊಂದಿಸಿ, ಯಾರಿಗೂ ಪೂರ್ಣ ತೃಪ್ತಿಯಾಗದಂತೆ, ಆದರೆ ಯಾರೂ ಜಗಳಕ್ಕೆ ನಿಲ್ಲದಂತೆ ಮುಗಿಸುವ ಚಾತುರ್ಯ ಅವರಿಗೆ ಹನ್ನೊಂದು ವರ್ಷಗಳಿಂದ ಸಿದ್ಧಿಸಿದೆ.

ಇಂತಹ ಮೇಷ್ಟರಿಗೆ ತಮ್ಮ ಒಬ್ಬಳೇ ಮಗಳಿಗಾಗಿ ಒಂದೇ ಒಂದು ಗಂಟೆಯನ್ನು ಹೊಂದಿಸಲು ಆರು ತಿಂಗಳು ಹಿಡಿಯಿತು.

ಪುಟ್ಟಿಗೆ ಆಗ 18 ತಿಂಗಳು. ನಡೆಯುತ್ತಿದ್ದಳು, ಓಡುತ್ತಿದ್ದಳು, ಅಡುಗೆಮನೆಯ ಡಬ್ಬಗಳನ್ನೆಲ್ಲ ಒಂದೊಂದಾಗಿ ಹೊರಗೆಳೆದು ಸಾಲಾಗಿ ಜೋಡಿಸುತ್ತಿದ್ದಳು. ತಂದೆಯ ಗುಣ ಬಂದಿದೆಯೆಂದು ಮನೆಯವರೆಲ್ಲ ಹಿಗ್ಗುತ್ತಿದ್ದರು. ಮಾತು ಮಾತ್ರ ಬಂದಿರಲಿಲ್ಲ. ‘ಅಮ್ಮ’ ಎಂಬಂತೆ ಕೇಳುವ ಏನೋ ಒಂದು ಸ್ವರ, ಅದೂ ಹಸಿವಾದಾಗ. ಶಂಕೆ ಮೊದಲು ಹುಟ್ಟಿದ್ದು ತಾಯಿಗೆ. ಬೆನ್ನ ಹಿಂದೆ ನಿಂತು ಹೆಸರು ಹಿಡಿದು ಕರೆದರೆ ಮಗು ತಿರುಗುತ್ತಿರಲಿಲ್ಲ. ಎದುರಿಗೆ ಬಂದು ತುಟಿಯಾಡಿಸಿದರೆ ನಗುತ್ತಿತ್ತು. ಆದರೆ ಕುಕ್ಕರು ಕೂಗಿದರೆ ಬೆಚ್ಚುತ್ತಿತ್ತು. ಗಾಳಿಗೆ ಬಾಗಿಲು ಧಡಾರನೆ ಬಡಿದರೆ ಓಡಿಬಂದು ಅಜ್ಜಿಯ ಸೆರಗಿನಲ್ಲಿ ಮುಖ ಮರೆಸಿಕೊಳ್ಳುತ್ತಿತ್ತು.

“ಕಿವಿ ಕೇಳದ ಮಗು ಕುಕ್ಕರಿಗೆ ಏಕೆ ಬೆಚ್ಚುತ್ತದಮ್ಮ?” ಎಂದರು ಅಜ್ಜಿ. “ನಿನ್ನ ಗಂಡನಿಗೆ ಮಾತು ಬಂದದ್ದೂ ಮೂರು ತುಂಬಿದ ಮೇಲೆಯೇ. ಈಗ ನೋಡು, ನಲವತ್ತು ನಿಮಿಷ ಉಸಿರು ಬಿಡದೆ ಪಾಠ ಹೇಳುತ್ತಾನೆ.”

ಬಜೆಯನ್ನು ತೇಯ್ದು ಮಗುವಿನ ನಾಲಗೆಗೆ ಸವರಿದ್ದಾಯಿತು. ದೇವರಿಗೆ ಹರಕೆ ಹೊತ್ತದ್ದಾಯಿತು. ಕೊನೆಗೆ ತಾಯಿಯೇ ಹಟ ಹಿಡಿದು, ಒಂದು ಭಾನುವಾರ ಬೆಳಗ್ಗೆ, ಊರಿನ ಮಕ್ಕಳ ವೈದ್ಯರಲ್ಲಿಗೆ ಗಂಡನನ್ನು ಹೊರಡಿಸಿದಳು. ವೈದ್ಯರು ಅನುಭವಸ್ಥರು. ಮಗುವಿನ ಹಿಂದೆ ನಿಂತು ಕೀಲಿಕೈ ಗೊಂಚಲನ್ನು ಅಲುಗಿಸಿದರು. ಮೆಲ್ಲಗೆ ಚಪ್ಪಾಳೆ ತಟ್ಟಿದರು. ಅನಂತರ ಜೋರಾಗಿ ತಟ್ಟಿದರು. ಮಗು ಜೋರಿನ ಚಪ್ಪಾಳೆಗೆ ಮಾತ್ರ ತಿರುಗಿತು.

“ಮಗು ಚುರುಕಾಗಿದೆ. ಆದರೆ ಕಿವಿಯನ್ನು ಪರೀಕ್ಷಿಸದೆ ಮಾತಿನ ವಿಷಯ ಹೇಳುವುದು ಸರಿಯಲ್ಲ. ಬೆಂಗಳೂರಿನಲ್ಲಿ ತಜ್ಞರಿಗೆ ತೋರಿಸಿ. ತಡ ಮಾಡಬೇಡಿ,” ಎಂದರು.

ತಡ ಮಾಡಬೇಡಿ! ಹೇಳುವವರಿಗೆ ಇದು ಎರಡು ಮಾತು. ಕೇಳಿಸಿಕೊಂಡವರಿಗೆ ಇದು ಎಷ್ಟು ದೊಡ್ಡ ಕೆಲಸವೆಂಬುದು ಮರುದಿನ ಬೆಳಗಿನಿಂದ ತಿಳಿಯತೊಡಗಿತು.

ಮೇಷ್ಟರು ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಗೆ ಫೋನು ಮಾಡಿದರು. ಮಧುರವಾದ ಧ್ವನಿಯೊಂದು ಕನ್ನಡಕ್ಕಾಗಿ ಒಂದನ್ನು ಒತ್ತಬೇಕೆಂದಿತು, ಒತ್ತಿದರು. ಹೊರರೋಗಿಗಳ ವಿಭಾಗಕ್ಕೆ ಎರಡನ್ನು ಒತ್ತಬೇಕೆಂದಿತು, ಒತ್ತಿದರು. ತಮ್ಮ ಕರೆ ಅತ್ಯಂತ ಅಮೂಲ್ಯವಾದುದೆಂದೂ ಸಾಲಿನಲ್ಲಿಯೇ ಇರಬೇಕೆಂದೂ ತಿಳಿಸಿ ವೀಣಾವಾದನವನ್ನು ಆರಂಭಿಸಿತು. ಎರಡು ಪೀರಿಯಡ್ಡುಗಳ ನಡುವಣ ಬಿಡುವೆಲ್ಲ ವೀಣೆಯಲ್ಲಿ ಕಳೆಯಿತು. ನಿಜವಾದ ಮನುಷ್ಯರೊಬ್ಬರು “ಹಲೋ” ಎನ್ನುವುದಕ್ಕೂ ಶಾಲೆಯ ಜವಾನ ಗಂಟೆ ಬಾರಿಸುವುದಕ್ಕೂ ಸರಿಹೋಯಿತು. ಹೀಗೆ ನಾಲ್ಕು ದಿನ ನಡೆಯಿತು. ಐದನೆಯ ದಿನ ಸಿಕ್ಕ ಪುಣ್ಯಾತ್ಮರು, ಈಗೆಲ್ಲ ತಾರೀಖನ್ನು ಮೊಬೈಲಿನ ಆ್ಯಪ್‌ನಲ್ಲಿಯೇ ಪಡೆಯಬೇಕೆಂದು ತಿಳಿಸಿ ಫೋನಿಟ್ಟರು.

ಆ್ಯಪ್ ಬೆಳಗ್ಗೆ ಎಂಟಕ್ಕೆ ತೆರೆಯುತ್ತಿತ್ತು; ಎಂಟು ಗಂಟೆ ಐದು ನಿಮಿಷಕ್ಕೆ ತಾರೀಖುಗಳು ಮುಗಿದಿರುತ್ತಿದ್ದುವು. ಮೇಷ್ಟರು ಸ್ನಾನವನ್ನು ಏಳಕ್ಕೆ ಮುಗಿಸಿ, ಗಡಿಯಾರದ ಮುಂದೆ ಕುಳಿತು, ಎಂಟು ಹೊಡೆದೊಡನೆ ಒತ್ತಿದರೂ ಓ.ಟಿ.ಪಿ. ಬರುವಷ್ಟರಲ್ಲಿ ಆ ಐದು ನಿಮಿಷ ಕಳೆದಿರುತ್ತಿತ್ತು. ಹನ್ನೊಂದನೆಯ ದಿನ ಒಂದು ತಾರೀಖು ಕೈಗೆ ಸಿಕ್ಕಿತು: ಜುಲೈ ಕೊನೆಯ ವಾರ. ಮಗುವಿನ ಹೆಸರು, ತಂದೆಯ ಹೆಸರು, ಊರು, ಪಿನ್‌ಕೋಡು, ಹಣ ಕಟ್ಟುವ ಬಗೆ, ಎಲ್ಲವನ್ನೂ ಕೇಳಿ ಬರೆಸಿಕೊಂಡಿತು. ಜನ್ಮದಿನಾಂಕವನ್ನೂ ಬರೆಸಿಕೊಂಡಿತು. ಆದರೆ ಆ ದಿನಾಂಕದಿಂದ ಯಾವ ನಿರ್ಣಯವೂ ಹುಟ್ಟಲಿಲ್ಲ. 18 ತಿಂಗಳ ಕೂಸಿಗೂ 68 ವರ್ಷದ ಯಜಮಾನರಿಗೂ ಅಲ್ಲಿ ಒಂದೇ ಸಾಲು.

ಜುಲೈ ಕೊನೆಯ ವಾರದಲ್ಲಿ ತಜ್ಞರು ಮಗುವನ್ನು ಐದು ನಿಮಿಷ ನೋಡಿದರು. ನೋಡಿದ್ದು ಐದೇ ನಿಮಿಷವಾದರೂ ಸರಿಯಾಗಿಯೇ ನೋಡಿದರು. ಮಾಡಬೇಕಾದ ಪರೀಕ್ಷೆಯ ಹೆಸರನ್ನು ಚೀಟಿಯಲ್ಲಿ ಬರೆದರು: ಬೇರಾ. ಚೀಟಿಯನ್ನು ಹಿಡಿದು ಇನ್ನೊಂದು ಕೌಂಟರಿಗೆ ಹೋದಾಗ, ವೈದ್ಯರ ತಾರೀಖು ಬೇರೆ, ಪರೀಕ್ಷೆಯ ತಾರೀಖು ಬೇರೆ, ಪರೀಕ್ಷೆಯ ಫಲವನ್ನು ವೈದ್ಯರಿಗೆ ತೋರಿಸುವ ತಾರೀಖು ಇನ್ನೂ ಬೇರೆ ಎಂಬ ತತ್ತ್ವ ತಿಳಿಯಿತು. ಪರೀಕ್ಷೆಗೆ ಸಿಕ್ಕಿದ್ದು ಸೆಪ್ಟೆಂಬರ್ ಕೊನೆಯ ವಾರ.

ಈ ಬೇರಾ ಪರೀಕ್ಷೆಯ ವಿಷಯವನ್ನು ಇಲ್ಲಿ ತುಸು ಹೇಳಬೇಕು. ದೊಡ್ಡವರ ಕಿವಿಯನ್ನು ಪರೀಕ್ಷಿಸುವುದು ಸುಲಭ. ಶಬ್ದ ಕೇಳಿದೊಡನೆ ಕೈಯೆತ್ತಿ ಎಂದರೆ ಎತ್ತುತ್ತಾರೆ. ಕೂಸು ಕೈಯೆತ್ತುವುದೆ? ಆದ್ದರಿಂದ ಕೂಸನ್ನು ಬಿಟ್ಟು ಅದರ ನರವನ್ನೇ ಕೇಳುವ ಉಪಾಯವಿದು. ಮಗುವಿನ ಹಣೆಗೂ ಕಿವಿಗಳ ಹಿಂಬದಿಗೂ ಸಣ್ಣ ತಂತಿಗಳನ್ನು ಅಂಟಿಸಿ, ಕಿವಿಯೊಳಗೆ ಟಿಕ್ ಟಿಕ್ ಎಂಬ ಶಬ್ದವನ್ನು ಬಿಡುತ್ತಾರೆ. ಶಬ್ದ ಕಿವಿಯಿಂದ ಹೊರಟು ಮಿದುಳಿನ ಕಾಂಡವನ್ನು ಹಾಯ್ದು ಹೋಗುವಾಗ, ಸೆಕೆಂಡಿನ ನೂರರಲ್ಲೊಂದು ಭಾಗದೊಳಗೆ, ಪುಟ್ಟ ಪುಟ್ಟ ವಿದ್ಯುತ್ತಿನ ಅಲೆಗಳು ಏಳುತ್ತವೆ. ಮನುಷ್ಯರಲ್ಲಿ ಈ ಅಲೆಗಳನ್ನು 1971ರಲ್ಲಿ ಜ್ಯುವೆಟ್ ಮತ್ತು ವಿಲಿಸ್ಟನ್ ಎಂಬ ವಿಜ್ಞಾನಿಗಳು ಸ್ಪಷ್ಟವಾಗಿ ವರ್ಣಿಸಿ, ಅವುಗಳಿಗೆ ಒಂದು ಎರಡು ಮೂರು ಎಂದು ಸಂಖ್ಯೆಗಳನ್ನಿತ್ತರು. ಶಬ್ದವನ್ನು ಸ್ವಲ್ಪ ಸ್ವಲ್ಪವಾಗಿ ತಗ್ಗಿಸುತ್ತ, ಐದನೆಯ ಅಲೆ ಎಲ್ಲಿಯವರೆಗೆ ಕಾಣಿಸುತ್ತದೆಂದು ನೋಡಿದರೆ, ಮಗುವಿಗೆ ಎಷ್ಟು ಮೆಲ್ಲಗಿನ ಶಬ್ದ ಕೇಳುತ್ತದೆಂಬುದನ್ನು ಅಂದಾಜು ಮಾಡಬಹುದು.

ಇಷ್ಟೆಲ್ಲ ಅದ್ಭುತವಾದ ವಿದ್ಯೆಗೆ ಒಂದೇ ಒಂದು ಷರತ್ತು. ಮಗು ಅಲುಗಾಡಬಾರದು. ಕತ್ತು ಹೊರಳಿಸಿದರೂ ಅತ್ತರೂ ಸ್ನಾಯುಗಳ ವಿದ್ಯುತ್ತು ಮೇಲೆದ್ದು ಆ ಪುಟ್ಟ ಅಲೆಗಳನ್ನು ಮುಳುಗಿಸಿಬಿಡುತ್ತದೆ. ಆದ್ದರಿಂದ ಇಷ್ಟು ಚಿಕ್ಕ ಮಗು ನಿದ್ದೆಯಲ್ಲಿರಬೇಕು. ಅದೂ ಎಂದೋ ಒಂದು ದಿನ, ಎಲ್ಲೋ ಒಂದೆಡೆ ಅಲ್ಲ. ಆಸ್ಪತ್ರೆ ಗೊತ್ತುಮಾಡಿದ ದಿನ, ಗೊತ್ತುಮಾಡಿದ ಗಂಟೆಗೆ, ಗೊತ್ತುಮಾಡಿದ ಮಂಚದ ಮೇಲೆ.

“ಹಿಂದಿನ ರಾತ್ರಿ ಮಗುವನ್ನು ತಡವಾಗಿ ಮಲಗಿಸಿ, ಬೆಳಗ್ಗೆ ಬೇಗ ಎಬ್ಬಿಸಿ, ದಾರಿಯಲ್ಲಿ ನಿದ್ದೆ ಮಾಡದಂತೆ ನೋಡಿಕೊಂಡು ಹನ್ನೊಂದೂವರೆಗೆ ಕರೆತನ್ನಿ,” ಎಂಬುದು ಚೀಟಿಯ ಹಿಂದೆ ಮುದ್ರಿಸಿದ್ದ ಆಜ್ಞೆ. ಅದನ್ನು ಬರೆದವರು ಕೂಸಿನೊಡನೆ ರೈಲಿನಲ್ಲಿ ಪ್ರಯಾಣ ಮಾಡಿದವರಲ್ಲವೆಂಬುದು ಸ್ಪಷ್ಟ.

ಆ ರಾತ್ರಿ ಮೇಷ್ಟರ ಮನೆಯಲ್ಲಿ ಶಿವರಾತ್ರಿಯ ಜಾಗರಣೆ. ಹನ್ನೆರಡರವರೆಗೆ ತಂದೆ ಆನೆಯಾದರು, ಕುದುರೆಯಾದರು. ಅಜ್ಜಿ ಪಾತ್ರೆಗಳನ್ನು ಹರಡಿ ಕುಳಿತರು. ಬೆಳಗಿನ ಜಾವ ನಾಲ್ಕಕ್ಕೆ ಮಗುವನ್ನೆಬ್ಬಿಸಿ ರೈಲು ಹತ್ತಿದ್ದಾಯಿತು. ಬಾಣಸಂದ್ರದವರೆಗೆ ಪುಟ್ಟಿ ಕಿಟಕಿಯ ಸರಳನ್ನು ಹಿಡಿದು ನಿಂತಿದ್ದಳು. ಅಮ್ಮಸಂದ್ರದಲ್ಲಿ ಕಣ್ಣು ಉಜ್ಜಿದಳು. ನಿಟ್ಟೂರಿನಲ್ಲಿ ತಾಯಿಯ ಹೆಗಲಿಗೆ ಒರಗಿದಳು. ತಾಯಿ ಒದ್ದೆಯ ಕೈಯಿಂದ ಮುಖ ಒರೆಸಿದಳು; ತಂದೆ ಬಿಸ್ಕತ್ತು ತೋರಿಸಿದರು, ಬೀಗದ ಕೈ ತೋರಿಸಿದರು, ಹೊರಗಿನ ತೆಂಗಿನ ತೋಟಗಳನ್ನೆಲ್ಲ ತೋರಿಸಿದರು.

“ಪಾಪ, ಮಲಗುವ ಕೂಸನ್ನು ಹೀಗೇಕೆ ಗೋಳುಹುಯ್ದುಕೊಳ್ಳುತ್ತೀರಿ?” ಎಂದು ಎದುರಿನ ಹಿರಿಯ ಹೆಂಗಸೊಬ್ಬರು ಗದರಿಸಿ, ಮಗುವನ್ನು ತಮ್ಮ ಮಡಿಲಿಗೆ ಎಳೆದುಕೊಂಡರು. ಗುಬ್ಬಿ ನಿಲ್ದಾಣಕ್ಕೆ ರೈಲು ಬಂದಾಗ ಪುಟ್ಟಿ ಗಾಢನಿದ್ರೆಯಲ್ಲಿದ್ದಳು. ಎಬ್ಬಿಸಿದಷ್ಟೂ ಎಳೆಯಾಗಿ ನಗುತ್ತ ಮತ್ತೆ ಮಲಗಿದಳು. ಅವಳು ಕಣ್ಣು ಬಿಟ್ಟದ್ದು ಯಶವಂತಪುರದಲ್ಲಿ, ಆಗತಾನೆ ಅರಳಿದ ಹೂವಿನಂತೆ.

ಮುಂದಿನದನ್ನು ಮಕ್ಕಳೊಂದಿಗರು ಊಹಿಸಬಲ್ಲರು. ಹನ್ನೊಂದೂವರೆಗೆ ಕತ್ತಲು ಮಾಡಿದ ಕೋಣೆಯಲ್ಲಿ ಪುಟ್ಟಿ ತಂತಿಗಳನ್ನು ಕಿತ್ತಳು, ಮಂಚದಿಂದಿಳಿದಳು, ಯಂತ್ರದ ಗುಂಡಿಗಳನ್ನು ಜೋಡಿಸಲು ಯತ್ನಿಸಿದಳು. ವೈದ್ಯರು ನಿದ್ದೆಗೆಂದು ಬರೆದುಕೊಟ್ಟ ಸಿರಪ್ಪಿನಲ್ಲಿ ಅರ್ಧ ಅವಳ ಹೊಟ್ಟೆ ಸೇರಿತು, ಉಳಿದರ್ಧ ತಂದೆಯ ಅಂಗಿಯನ್ನು ಸೇರಿತು. ಮತ್ತೊಮ್ಮೆ ಕೊಡಲು ವೈದ್ಯರು ಒಪ್ಪಲಿಲ್ಲ. ಔಷಧಿಯ ವಿಷಯದಲ್ಲಿ ಆ ಎಚ್ಚರಿಕೆ ನ್ಯಾಯವಾದುದೇ. ಒಂದೂವರೆಯವರೆಗೆ ಕಾದರು. ಅನಂತರ ಆ ಕೋಣೆ ಮುಂದಿನ ಮಗುವಿಗೆ ಸಲ್ಲಬೇಕಾಗಿದ್ದಿತು.

ಅಭಿಮನ್ಯು ಗರ್ಭದಲ್ಲಿದ್ದಾಗ ಚಕ್ರವ್ಯೂಹದ ಕಥೆಯನ್ನು ಕೇಳುತ್ತಿದ್ದನೆಂದೂ, ಸುಭದ್ರೆಗೆ ನಿದ್ದೆ ಬಂದುದರಿಂದ ಹೊರಬರುವ ಬಗೆ ಅವನಿಗೆ ಕೇಳದೆ ಹೋಯಿತೆಂದೂ ಪ್ರತೀತಿ. ಅಲ್ಲಿ ನಿದ್ದೆ ಬಂದು ಕಥೆ ಕೆಟ್ಟಿತು. ಇಲ್ಲಿ ನಿದ್ದೆ ಬಾರದೆ ಕೆಟ್ಟಿತು.

ಕೌಂಟರಿನಲ್ಲಿ ಹೊಸ ತಾರೀಖು ದೊರೆಯಿತು: ಡಿಸೆಂಬರ್ ಎರಡನೆಯ ವಾರ.

“ಎರಡೂವರೆ ತಿಂಗಳೆ?” ಎಂದರು ಮೇಷ್ಟರು. “ನಾವು ಈಗಾಗಲೇ ಎರಡು ತಿಂಗಳು ಕಾದವರಲ್ಲವೆ? ಮತ್ತೆ ಸಾಲಿನ ತುದಿಗೆ ಹೋಗಬೇಕೆ?”

“ತಪ್ಪಿದವರು ಹೊಸದಾಗಿಯೇ ತೆಗೆದುಕೊಳ್ಳಬೇಕು, ಸಾರ್. ಕಂಪ್ಯೂಟರಿನಲ್ಲಿ ಬೇರೆ ದಾರಿ ಇಲ್ಲ.”

“ತಪ್ಪಿದವರು ನಾವಲ್ಲ. ಬಂದಿದ್ದೇವೆ, ಕಾದಿದ್ದೇವೆ. ಮಗು ನಿದ್ದೆ ಮಾಡಲಿಲ್ಲ, ಅಷ್ಟೆ.”

“ಏನು ಮಾಡಲಿ, ಹೇಳಿ? ನಿಮ್ಮ ಹಿಂದೆ ಇರುವವರನ್ನು ನೋಡಿ,” ಎಂದನು ಗುಮಾಸ್ತ.

ಮೇಷ್ಟರು ಹಿಂದಿರುಗಿ ನೋಡಿದರು. ಹೆಗಲ ಮೇಲೆ ಮಕ್ಕಳನ್ನು ಹೊತ್ತ ತಾಯಂದಿರು ಗೋಡೆಯವರೆಗೆ ನಿಂತಿದ್ದರು. ಅವರಲ್ಲಿ ಯಾರ ಗಂಟೆಯನ್ನು ಕಿತ್ತುಕೊಂಡು ತಮ್ಮ ಮಗುವಿಗೆ ಕೊಡಿಸಬೇಕು? ಕೋಪಕ್ಕೆ ಒಬ್ಬ ಅಪರಾಧಿ ಬೇಕು. ಅಲ್ಲಿ ಕಾಣುತ್ತಿದ್ದವರೆಲ್ಲ ತಮ್ಮಂತೆಯೇ ದಣಿದವರು. ಗುಮಾಸ್ತನ ಪಕ್ಕದಲ್ಲಿ ಬಿಚ್ಚದೆ ಇಟ್ಟಿದ್ದ ಊಟದ ಡಬ್ಬಿಯೂ ಅವರ ಕಣ್ಣಿಗೆ ಬಿತ್ತು. ಚೀಟಿಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡರು. ಹಿಂದಿರುಗುವ ರೈಲಿನಲ್ಲಿ ಗಂಡಹೆಂಡಿರು ಮಾತನಾಡಲಿಲ್ಲ. ಮಗು ಮಾತ್ರ ತಿಪಟೂರಿನವರೆಗೂ ಸುಖವಾಗಿ ನಿದ್ದೆ ಮಾಡಿತು.

ಓದುಗರು ಕೇಳಬಹುದು: ಎರಡೂವರೆ ತಿಂಗಳು ಹೆಚ್ಚಾದರೆ ಏನಾಯಿತು? ಮೇಷ್ಟರ ತಾಯಿಯವರೂ ಅದನ್ನೇ ಕೇಳಿದರು. ಮಂಡಿನೋವಿಗೆ, ಕನ್ನಡಕದ ಸಂಖ್ಯೆಗೆ, ಎರಡೂವರೆ ತಿಂಗಳು ಎರಡೂವರೆ ತಿಂಗಳೇ ಸರಿ. ಕೂಸಿನ ಕಿವಿಗೆ ಹಾಗಲ್ಲ. ಮಗು ಗರ್ಭದ ಕೊನೆಯ ತಿಂಗಳುಗಳಲ್ಲಿಯೇ ಕೇಳತೊಡಗುತ್ತದೆ. ಹುಟ್ಟಿದಾಗಿನಿಂದ, ತಾನು ಒಂದು ಮಾತನ್ನೂ ಆಡದೆ, ಸುತ್ತಲಿನವರ ಮಾತನ್ನು ಕೂಡಿಡುತ್ತಿರುತ್ತದೆ. ಮೊದಲ ಕೆಲವು ವರ್ಷಗಳಲ್ಲಿ ಮಿದುಳು ಮಾತಿಗೆ ತೆರೆದುಕೊಂಡಿರುವಷ್ಟು ಆಮೇಲೆ ತೆರೆದುಕೊಳ್ಳುವುದಿಲ್ಲ. ಆದುದರಿಂದಲೇ ಶ್ರವಣ ತಜ್ಞರು ಒಂದು, ಮೂರು, ಆರು ಎಂಬ ಸೂತ್ರವನ್ನು ಹೇಳುತ್ತಾರೆ: ಹುಟ್ಟಿದ 1 ತಿಂಗಳೊಳಗೆ ಕಿವಿಯ ಪ್ರಾಥಮಿಕ ಪರೀಕ್ಷೆ, 3 ತಿಂಗಳೊಳಗೆ ದೋಷದ ನಿರ್ಣಯ, 6 ತಿಂಗಳೊಳಗೆ ಚಿಕಿತ್ಸೆಯ ಆರಂಭ. ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿ ಕ್ರಿಸ್ಟೀನ್ ಯೋಶಿನಾಗ-ಇಟಾನೊ ಮತ್ತು ಅವರ ಸಹೋದ್ಯೋಗಿಗಳು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆರು ತಿಂಗಳೊಳಗೆ ದೋಷ ಪತ್ತೆಯಾಗಿ ನೆರವು ದೊರೆತ ಮಕ್ಕಳ ಭಾಷೆ, ತಡವಾಗಿ ಪತ್ತೆಯಾದವರ ಭಾಷೆಗಿಂತ ಗಮನಾರ್ಹವಾಗಿ ಮುಂದಿದ್ದುದು ಕಂಡುಬಂದಿತು. ತಡವಾದವರಿಗೆ ದಾರಿಯೇ ಇಲ್ಲವೆಂದಲ್ಲ. ನಡೆಯಬೇಕಾದ ದಾರಿ ಉದ್ದವಾಗುತ್ತದೆ.

ಈ ಸೂತ್ರವನ್ನು ಮೇಷ್ಟರು ಓದಿದ್ದು ಒಂದು ರಾತ್ರಿ ಹನ್ನೊಂದು ಗಂಟೆಗೆ. ಗಣಿತದವರಾದ ಅವರಿಗೆ ಲೆಕ್ಕ ಮಾಡಲು ಕಾಗದ ಬೇಕಾಗಲಿಲ್ಲ. ಒಂದು ತಿಂಗಳಿಗೆ ಆಗಬೇಕಾಗಿದ್ದುದು ಪುಟ್ಟಿಗೆ ಆಗಿಯೇ ಇರಲಿಲ್ಲ; ಮೂರು ತಿಂಗಳಿಗೆ ಆಗಬೇಕಾಗಿದ್ದುದು ಇನ್ನೂ ಡಿಸೆಂಬರಿನಲ್ಲಿತ್ತು. ಅವರು ಪಕ್ಕದಲ್ಲಿ ಮಲಗಿದ್ದ ಹೆಂಡತಿಯನ್ನು ಎಬ್ಬಿಸಲಿಲ್ಲ. ಆಕೆಯೂ ಎಚ್ಚರವಾಗಿಯೇ ಇದ್ದಳೆಂಬುದು ಅವರಿಗೆ ತಿಳಿಯದು.

ಡಿಸೆಂಬರ್ ಬಂದಿತು. ಪುಟ್ಟಿಯ ಎರಡನೆಯ ಹುಟ್ಟುಹಬ್ಬ ಕಳೆದು ನಾಲ್ಕು ದಿನಗಳಾಗಿದ್ದುವು. ಈ ಸಲ ಹಿಂದಿನ ದಿನವೇ ಹೊರಟು ಬೆಂಗಳೂರಿನ ರಾಜಾಜಿನಗರದಲ್ಲಿದ್ದ ಹೆಂಡತಿಯ ಚಿಕ್ಕಮ್ಮನ ಮನೆಯಲ್ಲಿ ಉಳಿದರು. ಆದರೆ ಮಾಗಿಯ ಚಳಿಗೆ ಮಗುವಿಗೆ ನೆಗಡಿ ಹಿಡಿದಿತ್ತು. ಆಸ್ಪತ್ರೆಯಲ್ಲಿ ಮೊದಲು ಕಿವಿಯ ಪರದೆಯನ್ನು ಪರೀಕ್ಷಿಸಿದರು. ಪರದೆಯ ಹಿಂದೆ ನೀರು ತುಂಬಿದ ಲಕ್ಷಣವಿತ್ತು. ಹಾಗಿರುವಾಗ ಬೇರಾ ಮಾಡಿದರೆ ಕಾಣುವ ದೋಷದಲ್ಲಿ ನೆಗಡಿಯ ಪಾಲೆಷ್ಟು, ಕಿವಿಯ ಪಾಲೆಷ್ಟು ಎಂದು ಬೇರ್ಪಡಿಸುವುದು ಕಷ್ಟ. ಔಷಧಿ ಬರೆದರು. ಹೊಸ ತಾರೀಖು: ಫೆಬ್ರವರಿ.

ಆಗ ಮೇಷ್ಟರು ಕೌಂಟರಿನಿಂದ ಕದಲಲಿಲ್ಲವೆಂದು ಹೇಳಿದರೆ ಕಥೆ ವೀರೋಚಿತವಾಗುತ್ತಿತ್ತು. ನಡೆದುದು ಹಾಗಲ್ಲ. ಅವರು ಸುಮ್ಮನೆ ಹೋಗಿ ಪರೀಕ್ಷೆಯ ಕೋಣೆಯ ಎದುರಿನ ಬೆಂಚಿನ ಮೇಲೆ ಕುಳಿತುಬಿಟ್ಟರು. ಕಾಲುಗಳು ಏಳಲಿಲ್ಲ. ಅರ್ಧ ತೆರೆದ ಬಾಗಿಲಿನಿಂದ ಮಂಚ ಕಾಣುತ್ತಿತ್ತು. ಅದರ ಮೇಲೆ ಯಾರೂ ಇರಲಿಲ್ಲ. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ಆಗಲೂ ಯಾರೂ ಬರಲಿಲ್ಲ. ಹನ್ನೊಂದು ವರ್ಷ ವೇಳಾಪಟ್ಟಿ ಬರೆದವರ ಕಣ್ಣಿಗೆ ಖಾಲಿಯಾದ ಮನೆಯೊಂದು ಬಿದ್ದರೆ ಅದನ್ನು ಬಿಡಲು ಸಾಧ್ಯವೆ? ಪರೀಕ್ಷೆ ನಡೆಸುವ ತರುಣಿ ಹೊರಗೆ ಬಂದಾಗ ಕೇಳಿದರು:

“ಈ ಮಂಚ ಈಗ ಖಾಲಿ ಇದೆಯಲ್ಲ, ಅಮ್ಮಾ?”

“ಹೌದು, ಸಾರ್. ಈ ಹೊತ್ತಿನ ಮಗು ನಿದ್ದೆ ಮಾಡಲಿಲ್ಲ, ಹಿಂದಿರುಗಿದರು. ದಿನಕ್ಕೆ ಒಂದಾದರೂ ಹೀಗೆ ಆಗುತ್ತದೆ.”

“ಆ ಹೊತ್ತಿನಲ್ಲಿ ಬೇರೆ ಮಗುವನ್ನು ನೋಡಬಹುದಲ್ಲವೆ?”

“ನಿದ್ದೆ ಬಂದಿರುವ ಮಗು ಇಲ್ಲಿಯೇ ಇದ್ದರೆ ಧಾರಾಳವಾಗಿ ನೋಡಬಹುದು. ಆದರೆ ತಾರೀಖಿಲ್ಲದೆ ಯಾರೂ ಬರುವುದಿಲ್ಲವಲ್ಲ!” ಎಂದ ಆಕೆ ಕೈಯಲ್ಲಿದ್ದ ಚೀಟಿಯನ್ನು ನೋಡಿ, “ನಿಮ್ಮ ಮಗುವಿಗೆ ಎಷ್ಟು ವಯಸ್ಸು?” ಎಂದು ಕೇಳಿದಳು.

“ಎರಡು ವರ್ಷ ನಾಲ್ಕು ದಿನ.”

“ಫೆಬ್ರವರಿಯವರೆಗೆ ಕಾಯಬೇಡಿ. ಮನೆಯಲ್ಲಿ ಮಗು ಎಷ್ಟು ಹೊತ್ತಿಗೆ ಮಲಗುತ್ತದೆ?”

ಮೇಷ್ಟರಿಗೆ ಒಂದು ಕ್ಷಣ ಉತ್ತರ ಹೊರಡಲಿಲ್ಲ. ಆರು ತಿಂಗಳಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. “ಮಧ್ಯಾಹ್ನ ಊಟವಾದ ಮೇಲೆ. ಎರಡು ಗಂಟೆಯ ಸುಮಾರಿಗೆ,” ಎಂದಳು ಹಿಂದೆ ನಿಂತಿದ್ದ ಹೆಂಡತಿ.

“ನೆಗಡಿ ವಾಸಿಯಾದ ಮೇಲೆ ಎರಡು ಮೂರು ದಿನ ಬಿಡುವು ಮಾಡಿಕೊಂಡು ಬನ್ನಿ. ಒಂದೂವರೆಗೆ ಬಂದು ಇಲ್ಲಿಯೇ ಊಟ ಮಾಡಿಸಿ, ಎತ್ತಿಕೊಂಡು ಕುಳಿತಿರಿ. ಯಾವ ಮಗು ಎದ್ದು ಹೋಗುತ್ತದೋ ಆ ಜಾಗದಲ್ಲಿ ನಿಮ್ಮದನ್ನು ನೋಡುತ್ತೇನೆ. ನಮ್ಮ ಡಾಕ್ಟರಿಗೆ ನಾನು ಹೇಳಿರುತ್ತೇನೆ.”

ಆ ಸಂಜೆ ರೈಲಿನಲ್ಲಿ ಮೇಷ್ಟರಿಗೆ ತಮ್ಮ ಶಾಲೆಯ ಒಂದು ಹಳೆಯ ಪುಸ್ತಕ ನೆನಪಾಯಿತು. ಗೋಡೆಯ ಮೇಲಿನ ವೇಳಾಪಟ್ಟಿಯನ್ನು ಎಲ್ಲರೂ ನೋಡುತ್ತಾರೆ. ಆದರೆ ಶಾಲೆಯನ್ನು ನಡೆಸುವುದು ಅದಲ್ಲ. ದಿನವೂ ಬೆಳಗ್ಗೆ, ಯಾರು ರಜೆಯ ಮೇಲಿದ್ದಾರೆ, ಅವರ ತರಗತಿಗೆ ಬಿಡುವಿದ್ದ ಯಾರು ಹೋಗಬೇಕು ಎಂದು ಬರೆಯುವ ಬದಲಿ ಪುಸ್ತಕವೊಂದಿದೆ. ಅದಿಲ್ಲದಿದ್ದರೆ ಎಷ್ಟೇ ಚೆಲುವಾದ ವೇಳಾಪಟ್ಟಿಯಿದ್ದರೂ ಒಂದು ತರಗತಿಯಲ್ಲಿ ಗದ್ದಲ, ಇನ್ನೊಂದು ಕೋಣೆಯಲ್ಲಿ ಖಾಲಿ ಕುಳಿತ ಮೇಷ್ಟರು. ಆ ಆಸ್ಪತ್ರೆಯಲ್ಲಿ ಇದ್ದುದು ಗೋಡೆಯ ಪಟ್ಟಿ ಮಾತ್ರ, ಬದಲಿ ಪುಸ್ತಕವಿರಲಿಲ್ಲ. ಒಂದೆಡೆ ತಿಂಗಳುಗಟ್ಟಲೆ ಕಾಯುವ ಕೂಸುಗಳು, ಇನ್ನೊಂದೆಡೆ ದಿನವೂ ಒಂದು ಗಂಟೆ ಖಾಲಿಯಿರುವ ಮಂಚ. ಎರಡರ ನಡುವೆ ಒಂದು ಗೋಡೆ.

ಎರಡು ವಾರಗಳ ಅನಂತರ, ನೆಗಡಿ ಪೂರ್ಣವಾಗಿ ಹೋದ ಮೇಲೆ, ಮತ್ತೆ ಚಿಕ್ಕಮ್ಮನ ಮನೆ. ಮೊದಲ ದಿನ ಯಾವ ಜಾಗವೂ ತೆರವಾಗಲಿಲ್ಲ. ಎರಡನೆಯ ದಿನ ತೆರವಾಯಿತು, ಪುಟ್ಟಿ ಮಲಗಲಿಲ್ಲ. ಮೂರನೆಯ ದಿನ ಒಂದೂವರೆಗೆ ತಾಯಿ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ಮಗುವಿಗೆ ಮೊಸರನ್ನ ತಿನ್ನಿಸಿದಳು. ಹೆಗಲಿಗೆ ಹಾಕಿಕೊಂಡು, ಮನೆಯಲ್ಲಿ ದಿನವೂ ಹಾಡುವಂತೆ, ಜೋಗುಳವನ್ನು ಗುನುಗಿದಳು. ಎರಡು ಗಂಟೆ ಐದು ನಿಮಿಷಕ್ಕೆ ಪುಟ್ಟಿ ನಿದ್ದೆಹೋದಳು. ಎರಡೂಕಾಲಿಗೆ ಕೋಣೆಯಿಂದ ಅಳುವ ಮಗುವೊಂದನ್ನು ಎತ್ತಿಕೊಂಡು ಯಾರೋ ಹೊರಬಂದರು. ಅವರ ಮುಖವನ್ನು ನೋಡಿ ಮೇಷ್ಟರು ಬೆಂಚಿನಿಂದೆದ್ದು, “ಊರಿಗೆ ಹೋಗಬೇಡಿ. ನಾಳೆ ಒಂದೂವರೆಗೆ ಇಲ್ಲಿಯೇ ಬಂದು ಕುಳಿತಿರಿ,” ಎಂದು ಕಿವಿಯಲ್ಲಿ ಹೇಳಿದರು.

ಪರೀಕ್ಷೆಗೆ ಒಂದು ಗಂಟೆ ಸಾಕಾಯಿತು. ಎರಡು ಕಿವಿಗಳಲ್ಲಿಯೂ ಐದನೆಯ ಅಲೆ 60 ಡೆಸಿಬಲ್‌ವರೆಗೆ ಕಾಣಿಸಿತು. ಅದಕ್ಕಿಂತ ತಗ್ಗಿಸಿದರೆ ಕಾಣಿಸಲಿಲ್ಲ. ಎದುರುಬದುರು ಕುಳಿತವರ ಸಾಮಾನ್ಯ ಸಂಭಾಷಣೆ ಸುಮಾರು 60 ಡೆಸಿಬಲ್. ಪಿಸುಮಾತು 30ರ ಆಸುಪಾಸು. ಎಂದರೆ ಪುಟ್ಟಿಗೆ ಕುಕ್ಕರಿನ ಕೂಗು ಕೇಳುತ್ತಿತ್ತು, ಬಾಗಿಲಿನ ಬಡಿತ ಕೇಳುತ್ತಿತ್ತು. ಮಾತು ಮಾತ್ರ ಕೇಳಿಯೂ ಕೇಳದಂತೆ ಅಂಚಿನಲ್ಲಿ ಅಳಿಸಿಹೋಗುತ್ತಿತ್ತು. ಪೂರ್ಣ ಕಿವುಡು ಬೇಗ ಮನೆಯವರ ಕಣ್ಣಿಗೆ ಬೀಳುತ್ತದೆ. ಇಂತಹ ಅರ್ಧ ಕಿವುಡು ಮನೆಯವರನ್ನೇ ಮರುಳುಮಾಡುತ್ತದೆ. ವಿಷಯ ತಿಳಿದು ಅಜ್ಜಿ ಬಹಳ ಹೊತ್ತು ಸುಮ್ಮನಿದ್ದರು. “ಹಾಗಾದರೆ ನನಗೆ ಮೋಸಮಾಡಿದ್ದು ಆ ಕುಕ್ಕರು,” ಎಂದರು.

ಈ ಮೋಸಕ್ಕೆ ಮದ್ದಿಲ್ಲದೆ ಇಲ್ಲ. ಒಳಗಿವಿ ತಾನೇ ಹೊರಡಿಸುವ ಅತಿ ಸಣ್ಣ ಧ್ವನಿಯನ್ನು ಡೇವಿಡ್ ಕೆಂಪ್ ಎಂಬ ಬ್ರಿಟಿಷ್ ವಿಜ್ಞಾನಿ 1978ರಲ್ಲಿ ತೋರಿಸಿಕೊಟ್ಟ ಮೇಲೆ, ಹುಟ್ಟಿದ ಕೂಸಿನ ಕಿವಿಯನ್ನು ಕೆಲವೇ ನಿಮಿಷಗಳಲ್ಲಿ ಪರೀಕ್ಷಿಸುವ ಯಂತ್ರಗಳು ಬಂದಿವೆ. ಹೆರಿಗೆಯಾದ ಆಸ್ಪತ್ರೆಯಲ್ಲಿಯೇ ಆ ಪರೀಕ್ಷೆಯನ್ನು ಕೇಳುವುದು ತಂದೆತಾಯಿಗಳ ಹಕ್ಕು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟುಕಿವುಡೂ ಸೇರಿದೆ. ಅಂಗನವಾಡಿಗಳಿಗೆ ಬರುವ ವೈದ್ಯರ ತಂಡ ಶಂಕೆಯಿರುವ ಮಕ್ಕಳನ್ನು ಜಿಲ್ಲೆಯ ಶೀಘ್ರ ಚಿಕಿತ್ಸಾ ಕೇಂದ್ರಕ್ಕೆ ಕಳುಹಿಸಬೇಕೆಂಬುದು ಅದರ ವ್ಯವಸ್ಥೆ. ಮೈಸೂರಿನಲ್ಲಿ 1965ರಿಂದ ವಾಕ್ ಮತ್ತು ಶ್ರವಣಕ್ಕೆಂದೇ ಅಖಿಲ ಭಾರತ ಮಟ್ಟದ ಸಂಸ್ಥೆಯಿದೆ. ಎಲ್ಲಿಗೆ ಹೋದರೂ, ತಾರೀಖನ್ನು ಕೇಳುವ ಮೊದಲು ಮಗುವಿನ ವಯಸ್ಸನ್ನು ತಿಂಗಳುಗಳಲ್ಲಿ ಹೇಳಬೇಕು. ತಾರೀಖು ದೂರವಿದ್ದರೆ, ನಡುವೆ ತೆರವಾಗುವ ಜಾಗಕ್ಕೆ ಹೆಸರು ಬರೆದುಕೊಳ್ಳಿ ಎಂದು ಕೇಳಬೇಕು. ಕೇಳುವುದರಿಂದ ಯಾರ ಪಾಲನ್ನೂ ಕಿತ್ತುಕೊಂಡಂತಾಗುವುದಿಲ್ಲ. ಖಾಲಿಯಾಗಿ ಕಳೆಯುವ ಗಂಟೆ ಯಾರ ಪಾಲೂ ಅಲ್ಲ.

ಮೇಷ್ಟರು ಆಸ್ಪತ್ರೆಯ ಅಧಿಕಾರಿಗಳಿಗೆ ಎರಡು ಪುಟಗಳ ಪತ್ರ ಬರೆದರು. ಮೂರು ವರ್ಷದೊಳಗಿನ ಮಕ್ಕಳಿಗೆ ಬೇರೆ ಸಾಲು, ಮಲಗದೆ ಹಿಂದಿರುಗಿದ ಮಗುವಿಗೆ ವಾರದೊಳಗೆ ಮರುಸರದಿ, ತೆರವಾದ ಗಂಟೆಗೆ ಒಂದು ಬದಲಿ ಪುಸ್ತಕ. ಜೊತೆಗೆ ಮಾದರಿಯ ಹಾಳೆಯೊಂದನ್ನು ಪೆನ್ಸಿಲಿನಿಂದ ಗೆರೆ ಹಾಕಿಯೇ ಕಳುಹಿಸಿದರು. ಪತ್ರ ತಲುಪಿದೆಯೆಂದು ಉತ್ತರ ಬಂದಿದೆ. ಅದಕ್ಕಿಂತ ಹೆಚ್ಚಿನದು ಇನ್ನೂ ಬಂದಿಲ್ಲ.

ಜನವರಿಯಲ್ಲಿ ಪುಟ್ಟಿಯ ಎರಡು ಕಿವಿಗಳಿಗೂ ಶ್ರವಣಯಂತ್ರ ಬಂದಿತು. ಮೊದಲ ವಾರ ದಿನಕ್ಕೆ ಹತ್ತು ಸಲ ಕಿತ್ತೆಸೆದಳು. ಒಮ್ಮೆ ಅದು ಅಕ್ಕಿಯ ಡಬ್ಬದಲ್ಲಿ ದೊರೆಯಿತು. ತಾರೀಖುಗಳ ಕಾಟವೇನೂ ಮುಗಿದಿಲ್ಲ. ಮಗು ಬೆಳೆದಂತೆ ಕಿವಿಯ ಅಚ್ಚನ್ನು ಬದಲಾಯಿಸಬೇಕು, ಮಾತಿನ ತರಬೇತಿಗೆ ವಾರವಾರವೂ ಹೋಗಬೇಕು. ಶಾಲೆಯ ವೇಳಾಪಟ್ಟಿಯಲ್ಲಿ ಶನಿವಾರದ ಕೊನೆಯ ಎರಡು ಪೀರಿಯಡ್ಡುಗಳನ್ನು ಮೇಷ್ಟರು ಮೊದಲ ಬಾರಿಗೆ ತಮಗಾಗಿ ಬಿಡುವು ಮಾಡಿಕೊಂಡಿದ್ದಾರೆ. ಯಾರೂ ಆಕ್ಷೇಪಿಸಲಿಲ್ಲ, ಸಂಸ್ಕೃತದವರು ತಾವಾಗಿಯೇ ಆ ತರಗತಿಗಳನ್ನು ಒಪ್ಪಿಕೊಂಡರು.

ಫೆಬ್ರವರಿಯ ಒಂದು ಶನಿವಾರ ಮೂವರೂ ತರಬೇತಿಗೆಂದು ರೈಲು ಹತ್ತಿದರು. ಈಗ ಮಗುವನ್ನು ಎಚ್ಚರವಾಗಿರಿಸುವ ಗೋಜಿಲ್ಲ. ಮಲಗಿದರೆ ಮಲಗಲಿ ಎಂದು ತಾಯಿ ಮಡಿಲನ್ನು ಸಿದ್ಧಮಾಡಿಕೊಂಡು ಕುಳಿತಳು. ನಿಟ್ಟೂರು ಕಳೆಯಿತು. ಗುಬ್ಬಿಯಲ್ಲಿ ರೈಲು ನಿಂತಾಗ, ಬೋಗಿಯ ಆ ತುದಿಯಿಂದ ಕಾಫಿ ಮಾರುವವನು ತನ್ನ ಎಂದಿನ ರಾಗದಲ್ಲಿ ಕೂಗುತ್ತ ಬಂದನು. ಪುಟ್ಟಿ ಕಿಟಕಿಯ ಸರಳನ್ನು ಬಿಟ್ಟು ಹಿಂದಕ್ಕೆ ತಿರುಗಿ ನೋಡಿದಳು. ಅವನು ಹತ್ತಿರ ಬಂದು, ಮತ್ತೊಮ್ಮೆ ಕೂಗಿ, ಮುಂದಿನ ಬೋಗಿಗೆ ಹೋಗುವವರೆಗೂ ನೋಡುತ್ತಿದ್ದಳು.

ಅಂದು ಅವಳು ತುಮಕೂರು ದಾಟಿದರೂ ನಿದ್ದೆ ಮಾಡಲಿಲ್ಲ.